ನೀತಿಯನ್ನು ಪಕ್ಕಕ್ಕಿಟ್ಟು 'ಓಜಿಮ್ಯಾಂಡಿಯಸ್' ಓದುವುದು ಹೇಗೆ?

ಇಂಗ್ಲಿಷ್ ಸಾಹಿತ್ಯ ಓದುವವರಿಗೆ ಪರ್ಸಿ ಬಿಶ್ ಶೆಲ್ಲಿಯ 'ಓಜಿಮ್ಯಾಂಡಿಯಸ್' ಎಲ್ಲಾದರೂ ಒಂದು ಕಡೆ ಎದುರಾಗೇ ಆಗುತ್ತದೆ. ಪರೀಕ್ಷೆಯಲ್ಲಿ ಬಂದರೆ ಬಹಳ ಜನ ಬರೆಯುವ ಮೊದಲ ವಾಕ್ಯ ಒಂದೇ: 'ಅಧಿಕಾರ ಶಾಶ್ವತವಲ್ಲ ಎಂದು ಈ ಕವಿತೆ ಸಾರುತ್ತದೆ.' ನಾನೂ ಹಾಗೇ ಬರೆದಿದ್ದೆ. ಹತ್ತಕ್ಕೆ ನಾಲ್ಕು ಬಂತು. ಆಗ ಕೋಪ ಬಂದಿತ್ತು. ಈಗ ನೋಡಿದರೆ ಆ ನಾಲ್ಕೇ ಜಾಸ್ತಿ ಅನ್ನಿಸುತ್ತದೆ. ಆ ಮಾತು ಹೇಳಲು ಶೆಲ್ಲಿ ಯಾಕೆ ಬೇಕು? ಮನೆಯಲ್ಲಿ ಅಜ್ಜಿಯೇ ಹೇಳುತ್ತಾರೆ, ಅದೂ ದಿನಕ್ಕೆರಡು ಸಲ.

ಆದ್ದರಿಂದ ಈ ಬರಹದಲ್ಲಿ ಒಂದೇ ಷರತ್ತು. ನೀತಿಯನ್ನು ಸದ್ಯಕ್ಕೆ ಪಕ್ಕಕ್ಕಿಡೋಣ. ಹದಿನಾಲ್ಕು ಸಾಲಿನಲ್ಲಿ ಏನೇನಿದೆ, ಯಾವುದು ಯಾವುದರ ಪಕ್ಕ ಕೂತಿದೆ, ಅದನ್ನು ಮಾತ್ರ ನೋಡೋಣ.

ಕವಿತೆಯ ಇಂಗ್ಲಿಷ್ ಪಾಠ ಕೈಯಲ್ಲಿರಲಿ. ಕಾಗದದ ಮೇಲೆ, ಸಾಲುಗಳ ನಡುವೆ ಜಾಗ ಬಿಟ್ಟು ಬರೆದುಕೊಂಡರೆ ಇನ್ನೂ ಒಳ್ಳೆಯದು. ಎಡಗಡೆ 1ರಿಂದ 14ರವರೆಗೆ ಸಂಖ್ಯೆ ಹಾಕಿ.

ಹೆಜ್ಜೆ 1: ಜೋರಾಗಿ ಓದಿ, ಆಮೇಲೆ ಗದ್ಯ ಮಾಡಿ

ಎರಡು ಸಲ ಜೋರಾಗಿ ಓದಿ. ಸಾಲಿನ ಕೊನೆಯಲ್ಲಿ ನಿಲ್ಲಬೇಡಿ, ಚಿಹ್ನೆ ಇರುವಲ್ಲಿ ಮಾತ್ರ ನಿಲ್ಲಿ. ಆಮೇಲೆ ನಿಮ್ಮದೇ ಕನ್ನಡದಲ್ಲಿ ಗದ್ಯ ಮಾಡಿ. ನನ್ನದು ಹೀಗಿದೆ:

ಪುರಾತನ ನಾಡಿನಿಂದ ಬಂದ ಒಬ್ಬ ಪ್ರಯಾಣಿಕ ನನಗೆ ಸಿಕ್ಕಿದ. ಅವನು ಹೇಳಿದ: ಮರಳುಗಾಡಿನಲ್ಲಿ ಮುಂಡವಿಲ್ಲದ ಎರಡು ಭಾರಿ ಕಲ್ಲಿನ ಕಾಲುಗಳು ನಿಂತಿವೆ. ಹತ್ತಿರದಲ್ಲೇ ಮರಳಲ್ಲಿ ಅರ್ಧ ಹೂತು, ಒಡೆದುಹೋದ ಒಂದು ಮುಖ ಬಿದ್ದಿದೆ. ಅದರ ಗಂಟಿಕ್ಕಿದ ಹುಬ್ಬು, ಸುಕ್ಕುಗಟ್ಟಿದ ತುಟಿ, ತಣ್ಣಗೆ ಅಪ್ಪಣೆ ಕೊಡುವವನ ತಾತ್ಸಾರ, ಇವೆಲ್ಲ ಒಂದು ವಿಷಯ ಹೇಳುತ್ತವೆ: ಶಿಲ್ಪಿ ಆ ಭಾವಗಳನ್ನು ಚೆನ್ನಾಗಿಯೇ ಓದಿಕೊಂಡಿದ್ದ. ಜೀವವಿಲ್ಲದ ಈ ವಸ್ತುಗಳ ಮೇಲೆ ಅಚ್ಚೊತ್ತಿರುವ ಆ ಭಾವಗಳು ಇನ್ನೂ ಉಳಿದಿವೆ. ಅವನ್ನು ಅಣಕಿಸಿದ ಕೈ, ಅವಕ್ಕೆ ಉಣಿಸಿದ ಎದೆ, ಎರಡೂ ಹೋದ ಮೇಲೂ ಉಳಿದಿವೆ. ಪೀಠದ ಮೇಲೆ ಈ ಮಾತು ಕಾಣುತ್ತದೆ: 'ನನ್ನ ಹೆಸರು ಓಜಿಮ್ಯಾಂಡಿಯಸ್, ರಾಜರ ರಾಜ. ಬಲಶಾಲಿಗಳೇ, ನನ್ನ ಕೆಲಸಗಳನ್ನು ನೋಡಿ, ಹತಾಶರಾಗಿ!' ಬೇರೇನೂ ಉಳಿದಿಲ್ಲ. ಆ ಬೃಹತ್ ಅವಶೇಷದ ಸುತ್ತ, ಎಲ್ಲೆಯಿಲ್ಲದೆ, ಬೋಳಾಗಿ, ಒಂಟಿ ಮಟ್ಟಸ ಮರಳು ದೂರದವರೆಗೂ ಹಬ್ಬಿದೆ.

ಗದ್ಯ ಮಾಡುವಾಗ ಎಲ್ಲಿ ತೊಡಕಾಯಿತು ಅಂತ ಗುರುತು ಹಾಕಿಕೊಳ್ಳಿ. ಬಹುತೇಕ ಎಲ್ಲರಿಗೂ 6ರಿಂದ 8ನೇ ಸಾಲಿನಲ್ಲಿ ತೊಡಕಾಗುತ್ತದೆ. ಅದು ನಿಮ್ಮ ತಪ್ಪಲ್ಲ. ಕವಿತೆಯ ಗಂಟು ಇರುವುದೇ ಅಲ್ಲಿ.

ಹೆಜ್ಜೆ 2: ಯಾರ ಬಾಯಲ್ಲಿ ಯಾವ ಮಾತು?

ಮೂರು ಬಣ್ಣದ ಪೆನ್ನು ತಗೊಳ್ಳಿ. 'ನಾನು' ಹೇಳುವುದಕ್ಕೆ ಒಂದು ಬಣ್ಣ, ಪ್ರಯಾಣಿಕನಿಗೆ ಒಂದು, ರಾಜನಿಗೆ ಒಂದು. ಗೆರೆ ಎಳೆದು ನೋಡಿ.

'ನಾನು' ಹೇಳುವುದು ಮೊದಲ ಸಾಲು ಮತ್ತು ಎರಡನೇ ಸಾಲಿನ ಮೊದಲೆರಡು ಪದ, ಅಷ್ಟೇ. ಉಳಿದದ್ದೆಲ್ಲ ಪ್ರಯಾಣಿಕನ ಮಾತು. ಅದರ ಹೊಟ್ಟೆಯೊಳಗೆ ರಾಜನಿಗೆ ಸಿಕ್ಕಿರುವುದು ಎರಡೇ ಸಾಲು, 10 ಮತ್ತು 11. ಇಡೀ ಲೋಕಕ್ಕೆ ಅಪ್ಪಣೆ ಕೊಡುತ್ತಿದ್ದವನ ಮಾತು ನಮಗೆ ತಲುಪುವುದು ಕಲ್ಲಿನಿಂದ ಪ್ರಯಾಣಿಕನಿಗೆ, ಅವನಿಂದ 'ನನಗೆ', ನನ್ನಿಂದ ನಿಮಗೆ. ಊರಿನ ಸುದ್ದಿ ಮೂರನೇ ಬಾಯಿಗೆ ಬರುವಷ್ಟರಲ್ಲಿ ಏನಾಗುತ್ತದೆ ಅಂತ ಗೊತ್ತಲ್ವಾ? ಕವಿ ಆ ರಾಜನನ್ನು ಒಂದು ಸಲವೂ ನೇರವಾಗಿ ಬೈಯುವುದಿಲ್ಲ. ಸುಮ್ನೆ ದೂರ ಇಟ್ಟುಬಿಡುತ್ತಾನೆ.

ನಾಲ್ಕನೆಯ ಒಬ್ಬನಿದ್ದಾನೆ. ಅವನಿಗೆ ಒಂದು ಮಾತೂ ಇಲ್ಲ, ಹೆಸರೂ ಇಲ್ಲ. ಶಿಲ್ಪಿ. ಅವನ ಬಳಿ ಇರುವುದು ಉಳಿ ಮಾತ್ರ. ಮುಂದಿನ ಹೆಜ್ಜೆ ಪೂರ್ತಿ ಅವನದು.

ಹೆಜ್ಜೆ 3: ಮುಖದ ಮುಂದೆ ಸ್ವಲ್ಪ ಹೊತ್ತು ನಿಲ್ಲಿ

ಕವಿತೆಯಲ್ಲಿ ಅತಿ ಹೆಚ್ಚು ಜಾಗ ಸಿಕ್ಕಿರುವುದು ಯಾವುದಕ್ಕೆ? ಮರಳಿಗಲ್ಲ, ಶಾಸನಕ್ಕಲ್ಲ. ಮುಖಕ್ಕೆ. 4ರಿಂದ 8ರವರೆಗೆ ಐದು ಸಾಲು ಬರೀ ಮುಖ. ನೀವೂ ಹೆಚ್ಚು ಸಮಯ ಇಲ್ಲೇ ಕೊಡಿ.

ಮೊದಲು 8ನೇ ಸಾಲಿನ 'ಮಾಕ್ಡ್' ಎಂಬ ಪದ. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ಎರಡು ಅರ್ಥ: ಒಂದು, ಇದ್ದ ಹಾಗೇ ಅನುಕರಿಸುವುದು. ಇನ್ನೊಂದು, ಗೇಲಿ ಮಾಡುವುದು. ಇಂಗ್ಲಿಷ್ ಓದುಗರಿಗೆ ಇದನ್ನು ವಿವರಿಸಲು ಅಡಿಟಿಪ್ಪಣಿ ಬೇಕಾಗುತ್ತದೆ. ನಮಗೆ ಬೇಡ, 'ಅಣಕ' ಇದೆ. ಮಗು ಅಜ್ಜನ ನಡಿಗೆಯನ್ನು ಅಣಕಿಸಿತು ಅಂದರೆ ಅನುಕರಣೆಯೂ ಹೌದು, ತಮಾಷೆಯೂ ಹೌದು. ಶಿಲ್ಪಿ ಮಾಡಿದ್ದೂ ಅದನ್ನೇ. ರಾಜ ಹೇಗಿದ್ದನೋ ಹಾಗೇ ಕೆತ್ತಿದ. ಹಾಗೇ ಕೆತ್ತಿದ್ದರಿಂದಲೇ ಅದು ಟೀಕೆಯಾಯಿತು. ಎದುರು ಕೂತ ರಾಜನಿಗೆ ಅದು ಹೊಗಳಿಕೆಯಂತೆ ಕಂಡಿರಬೇಕು. ಈ ಮುಖಕ್ಕೆ ಅವನೇ ಒಪ್ಪಿಗೆ ಕೊಟ್ಟಿರಬೇಕು!

ಇನ್ನು 7ನೇ ಸಾಲಿನ 'ಸರ್ವೈವ್'. ಇದರ ವ್ಯಾಕರಣ ಬಿಡಿಸಿದರೆ 8ನೇ ಸಾಲು ತಾನೇ ತೆರೆದುಕೊಳ್ಳುತ್ತದೆ. ಇಲ್ಲಿ ಅದು ಬರೀ 'ಬದುಕಿದೆ' ಅಲ್ಲ, 'ಇಂಥವರ ನಂತರವೂ ಬದುಕಿದೆ' ಎಂಬ ಅರ್ಥದಲ್ಲಿ ಬಂದಿದೆ. ಯಾರ ನಂತರ? ಕೈಯ ನಂತರ, ಎದೆಯ ನಂತರ. ಅಣಕಿಸಿದ ಕೈ ಶಿಲ್ಪಿಯದು. ಆ ದರ್ಪಕ್ಕೆ ಉಣಿಸಿ ಬೆಳೆಸಿದ ಎದೆ ರಾಜನದು. ಇಬ್ಬರೂ ಸತ್ತರು, ದರ್ಪ ಉಳಿಯಿತು. 'ಅಧಿಕಾರ ಶಾಶ್ವತವಲ್ಲ' ಅನ್ನುವ ಉತ್ತರಕ್ಕೆ ಇಲ್ಲಿ ಸಣ್ಣ ಪೆಟ್ಟು ಬೀಳುತ್ತದೆ, ಗಮನಿಸಿದಿರಾ? ಕವಿತೆ ಹೇಳುವ ಪ್ರಕಾರ ಹೋಗಿದ್ದು ರಾಜ ಮತ್ತು ಅವನ ಕೆಲಸಗಳು. ಹೋಗದೆ ಕಲ್ಲಿಗಂಟಿ ಕೂತಿರುವುದು ಆ ತಾತ್ಸಾರ. ಅದು ಸಮಾಧಾನದ ಮಾತಲ್ಲ.

ಹಾಗಾದರೆ 'ಅಧಿಕಾರ ಹೋಗುತ್ತದೆ, ಕಲೆ ಉಳಿಯುತ್ತದೆ' ಅಂತ ಬರೆಯಬಹುದಾ? ಇದು ಎರಡನೇ ರೆಡಿಮೇಡ್ ಉತ್ತರ, ಮೊದಲನೆಯದಕ್ಕಿಂತ ಸ್ವಲ್ಪ ಚೆನ್ನಾಗಿದೆ. ಆದರೆ ನನ್ನ ಪ್ರಕಾರ ಇದೂ ಅರ್ಧ ಸತ್ಯವೇ. ವಿಗ್ರಹವೂ ಒಡೆದಿದೆ, ಅರ್ಧ ಹೂತಿದೆ. ಶಿಲ್ಪಿಯ ಹೆಸರು ಯಾರಿಗೂ ಗೊತ್ತಿಲ್ಲ, ರಾಜನ ಹೆಸರು ಕವಿತೆಯ ತಲೆಯ ಮೇಲೇ ಇದೆ. ಗೆದ್ದವರು ಯಾರು ಅಂತ ಕವಿತೆ ತೀರ್ಪು ಕೊಡುವುದಿಲ್ಲ. ನಿಮ್ಮ ವಿಶ್ಲೇಷಣೆಯಲ್ಲಿ ಈ ಜಗ್ಗಾಟ ಕಾಣಬೇಕು.

ಹೆಜ್ಜೆ 4: ಪ್ರಾಸದ ಪಟ್ಟಿ ಮಾಡಿ

ನಮ್ಮ ಹಳೆಯ ಕಾವ್ಯದಲ್ಲಿ ಪ್ರಾಸ ಬರುವುದು ಸಾಲಿನ ಆರಂಭದಲ್ಲಿ, ಎರಡನೇ ಅಕ್ಷರದಲ್ಲಿ. ಈ ಕವಿತೆ ಸಾನೆಟ್, ಅಂದರೆ ಹದಿನಾಲ್ಕು ಸಾಲಿನ ಕವಿತೆ. ಸಾನೆಟ್ಟಿನಲ್ಲಿ ಪ್ರಾಸ ಸಾಲಿನ ಕೊನೆಯಲ್ಲಿರುತ್ತದೆ. ಸಾನೆಟ್ ಕನ್ನಡಕ್ಕೆ 'ಸುನೀತ'ವಾಗಿ ಬಂದಾಗ ನವೋದಯದ ಕವಿಗಳಿಗೆ ಈ ಅಂತ್ಯಪ್ರಾಸವೂ ಜೊತೆಗೆ ಬಂತು.

ಪ್ರತಿ ಸಾಲಿನ ಕೊನೆಯ ಪದ ಮಾತ್ರ ಬರೆದುಕೊಳ್ಳಿ: ಲ್ಯಾಂಡ್, ಸ್ಟೋನ್, ಸ್ಯಾಂಡ್, ಫ್ರೌನ್, ಕಮಾಂಡ್, ರೆಡ್, ಥಿಂಗ್ಸ್, ಫೆಡ್, ಅಪಿಯರ್, ಕಿಂಗ್ಸ್, ಡಿಸ್ಪೇರ್, ಡಿಕೇ, ಬೇರ್, ಅವೇ. ಒಂದೇ ದನಿಯವಕ್ಕೆ ಒಂದೇ ಅಕ್ಷರ ಕೊಟ್ಟರೆ ಹೀಗೆ ಬರುತ್ತದೆ: ಕ ಖ ಕ ಖ ಕ ಗ ಘ ಗ ಚ ಘ ಚ ಛ ಚ ಛ.

ಇದು ಇಟಲಿಯ ಕವಿ ಪೆಟ್ರಾರ್ಕನ ಮಾದರಿಯೂ ಅಲ್ಲ, ಶೇಕ್ಸ್‌ಪಿಯರ್ ಮಾದರಿಯೂ ಅಲ್ಲ. ಪೆಟ್ರಾರ್ಕನ ಮಾದರಿಯಲ್ಲಿ ಎಂಟು ಮತ್ತು ಆರು ಸಾಲಿನ ಎರಡು ಭಾಗ, ಎರಡಕ್ಕೂ ಬೇರೆ ಬೇರೆ ಪ್ರಾಸ. ಶೇಕ್ಸ್‌ಪಿಯರ್ ಮಾದರಿಯಲ್ಲಿ ಕೊನೆಗೆ ಒಂದು ಜೋಡಿ ಪ್ರಾಸ, ಪೆಟ್ಟಿಗೆ ಮುಚ್ಚಿದ ಹಾಗೆ. ಶೆಲ್ಲಿಯಲ್ಲಿ ಮುಚ್ಚಳವೇ ಇಲ್ಲ. ಒಂದು ಪ್ರಾಸ ಮುಗಿಯುವ ಮೊದಲೇ ಇನ್ನೊಂದು ಒಳಗೆ ನುಗ್ಗುತ್ತದೆ. 'ಸ್ಟೋನ್' ಮತ್ತು 'ಫ್ರೌನ್' ಪೂರ್ತಿ ಕೂಡುವುದೂ ಇಲ್ಲ. ಒಡೆದ ವಿಗ್ರಹದ ಬಗ್ಗೆ ಬರೆದ ಕವಿತೆಯ ಚೌಕಟ್ಟೂ ಬಿರುಕು ಬಿಟ್ಟಿದೆ ಅಂತ ಅನೇಕರು ಬರೆಯುತ್ತಾರೆ. ಸರಿ, ಬರೆಯಬಹುದು. ಆದರೆ ಅದಕ್ಕಿಂತ ಒಳ್ಳೆಯದು ಇನ್ನೊಂದಿದೆ.

'ಘ' ನೋಡಿ. 7ನೇ ಸಾಲಿನ ಕೊನೆಗೆ 'ಥಿಂಗ್ಸ್', ಅಂದರೆ ಜೀವವಿಲ್ಲದ ವಸ್ತುಗಳು. ಅದಕ್ಕೆ ಜೋಡಿ ಸಿಗುವುದು ಮೂರು ಸಾಲು ದಾಟಿ, ಎಂಟು ಸಾಲಿನ ಗಡಿಯನ್ನೂ ದಾಟಿ, 10ನೇ ಸಾಲಿನಲ್ಲಿ: 'ಕಿಂಗ್ಸ್'. ರಾಜ ತನ್ನನ್ನು ರಾಜರ ರಾಜ ಎಂದು ಕರೆದುಕೊಂಡ ಕ್ಷಣದಲ್ಲೇ ಕಿವಿಯಲ್ಲಿ 'ವಸ್ತುಗಳು' ಎಂಬ ಪದ ಮರುಕಳಿಸುತ್ತದೆ. ಎಲ್ಲೂ ಬಾಯಿಬಿಟ್ಟು ಹೇಳದ ಮಾತನ್ನು ಪ್ರಾಸ ಹೇಳಿಬಿಟ್ಟಿತು. ಈ ಕವಿತೆಯ ಬಗ್ಗೆ ನಿಮಗೆ ಒಂದೇ ಅಂಶ ಬರೆಯಲು ಸಮಯವಿದ್ದರೆ ಇದನ್ನೇ ಬರೆಯಿರಿ ಅಂತ ನಾನು ಹೇಳುತ್ತೇನೆ.

ಹೆಜ್ಜೆ 5: ತಿರುವು ಮತ್ತು ಲಯ

ಸಾನೆಟ್ಟಿನಲ್ಲಿ ಎಲ್ಲೋ ಒಂದು ಕಡೆ ಮಾತು ಹೊರಳುತ್ತದೆ. ಗೈಡ್‌ಗಳಲ್ಲಿ 9ನೇ ಸಾಲು ಅಂತ ಇರುತ್ತದೆ. ಹೌದು, ಅಲ್ಲಿ ಮುಖದಿಂದ ಪೀಠಕ್ಕೆ ಕಣ್ಣು ಇಳಿಯುತ್ತದೆ. ಆದರೆ ನಿಜವಾದ ಹೊರಳು 12ನೇ ಸಾಲಿನ ಮೊದಲ ಮೂರು ಪದದಲ್ಲಿದೆ: 'ನಥಿಂಗ್ ಬಿಸೈಡ್ ರಿಮೇನ್ಸ್'. ಬೇರೇನೂ ಉಳಿದಿಲ್ಲ. ಇಡೀ ಕವಿತೆಯಲ್ಲಿ ಅತಿ ಚಿಕ್ಕ ವಾಕ್ಯ ಇದು. ಸಾಲಿನ ನಡುವೆಯೇ ಪೂರ್ಣವಿರಾಮ ಬೀಳುತ್ತದೆ.

ಲಯಕ್ಕೆ ಬಂದರೆ ನಮ್ಮ ಲಘು-ಗುರು ಲೆಕ್ಕ ಇಲ್ಲಿ ನಡೆಯುವುದಿಲ್ಲ. ಇಂಗ್ಲಿಷಿನಲ್ಲಿ ಲೆಕ್ಕಕ್ಕೆ ಬರುವುದು ಒತ್ತು. ಒತ್ತಿಲ್ಲದ್ದು ಒಂದು, ಒತ್ತಿರುವುದು ಒಂದು, ಇಂಥ ಐದು ಜೋಡಿ ಸೇರಿ ಒಂದು ಸಾಲು. 10ನೇ ಸಾಲು ಈ ಲೆಕ್ಕಕ್ಕೆ ಕೂರಬೇಕಾದರೆ ರಾಜನ ಹೆಸರಿನ ಕೊನೆಯನ್ನು 'ಡ್ಯಸ್' ಅಂತ ಒಂದೇ ಉಸಿರಿನಲ್ಲಿ ನುಂಗಬೇಕು. ಜೋರಾಗಿ ಓದುವಾಗ ಪ್ರಯತ್ನಿಸಿ.

ಈಗ 11 ಮತ್ತು 12ನೇ ಸಾಲಿನ ಮೊದಲ ಪದಗಳನ್ನು ಒಂದರ ಕೆಳಗೆ ಒಂದು ಇಡಿ. 'ಲುಕ್', 'ನಥಿಂಗ್'. ಎರಡು ಕಡೆಯೂ ನಿಯಮ ಮುರಿದು ಮೊದಲಲ್ಲೇ ಒತ್ತು ಬೀಳುತ್ತದೆ. ನೋಡಿ! ಏನೂ ಇಲ್ಲ. ಅಪ್ಪಣೆಗೆ ಉತ್ತರ ತಕ್ಷಣ ಬರುತ್ತದೆ, ಅದೇ ಧಾಟಿಯಲ್ಲಿ. ಆಮೇಲೆ 14ನೇ ಸಾಲು ಹದಕ್ಕೆ ಮರಳುತ್ತದೆ. 'ಲೋನ್ ಅಂಡ್ ಲೆವೆಲ್', 'ಸ್ಯಾಂಡ್ಸ್ ಸ್ಟ್ರೆಚ್': ಒಂದೇ ಅಕ್ಷರದ ಮೊದಲಿನ ಪದಗಳು ಜೋಡಿಯಾಗಿ ಬರುತ್ತವೆ. 13ನೇ ಸಾಲಿನಲ್ಲೂ 'ಬೌಂಡ್‌ಲೆಸ್ ಅಂಡ್ ಬೇರ್' ಇದೆ. ಅಂಕುಡೊಂಕಿಲ್ಲದ ಮರಳಿನ ಹಾಗೆ ಸಾಲೂ ಮಟ್ಟಸವಾಗಿ ಹೋಗುತ್ತದೆ.

'ಡಿಸ್ಪೇರ್' ಎಂಬ ಪದದ ಬಗ್ಗೆ ಎರಡು ಮಾತು. ರಾಜನ ಅರ್ಥ: ನನ್ನಷ್ಟು ದೊಡ್ಡದನ್ನು ನೀವು ಕಟ್ಟಲಾರಿರಿ, ಆಸೆ ಬಿಡಿ. ಮರಳಿನ ನಡುವೆ ಓದಿದರೆ: ಇಷ್ಟು ದೊಡ್ಡದೇ ಹೋಯಿತು, ನಿಮ್ಮದೂ ಹೋಗುತ್ತದೆ, ಆಸೆ ಬಿಡಿ. ಒಂದಕ್ಷರ ಬದಲಾಗಿಲ್ಲ, ಅರ್ಥ ತಲೆಕೆಳಗಾಗಿದೆ. ಅವನು ಕರೆಯುತ್ತಿರುವುದು ಪ್ರಜೆಗಳನ್ನಲ್ಲ, 'ಮೈಟಿ'ಗಳನ್ನು, ಅಂದರೆ ಮುಂದೆ ಬರುವ ರಾಜರನ್ನು. ನಮ್ಮ ಶಾಸನಗಳೂ ಮುಂದಿನ ರಾಜರನ್ನು ಉದ್ದೇಶಿಸಿ ಮಾತಾಡುತ್ತವೆ, ರಾಜಾಧಿರಾಜ ಎಂಬ ಬಿರುದೂ ಅಲ್ಲಿ ಬರುತ್ತದೆ. ಆದರೆ ದಾನಶಾಸನ ಕೇಳುವುದು 'ನಾನು ಕೊಟ್ಟದ್ದನ್ನು ಕಾಪಾಡಿ, ಕೆಡಿಸಿದರೆ ಪಾಪ' ಅಂತ. ಓಜಿಮ್ಯಾಂಡಿಯಸ್‌ಗೆ ಮುಂದಿನವರಿಂದ ಬೇಕಾಗಿರುವುದು ಅವರ ಹೊಟ್ಟೆಯುರಿ ಮಾತ್ರ.

ಹೆಜ್ಜೆ 6: ಶೆಲ್ಲಿ ಏನನ್ನು ಬದಲಿಸಿದ?

ಹಿನ್ನೆಲೆಯನ್ನು ಮೊದಲೇ ಓದಿದರೆ ಕವಿತೆ ಕಾಣುವುದಿಲ್ಲ, ಅದಕ್ಕೇ ಇಲ್ಲಿಯವರೆಗೆ ಅದರ ಮಾತೆತ್ತಲಿಲ್ಲ. ಈಗ ನೋಡಬಹುದು. ಆದರೆ ಮಾಹಿತಿ ತುಂಬಲಿಕ್ಕಲ್ಲ, ವ್ಯತ್ಯಾಸ ಹುಡುಕಲಿಕ್ಕೆ.

ಓಜಿಮ್ಯಾಂಡಿಯಸ್ ಅನ್ನುವುದು ಈಜಿಪ್ಟಿನ ಎರಡನೇ ರಾಮ್ಸೆಸ್‌ನ ಹೆಸರಿನ ಗ್ರೀಕ್ ರೂಪ. ಅವನು ಕ್ರಿ.ಪೂ. 13ನೇ ಶತಮಾನದಲ್ಲಿ ಸುಮಾರು 66 ವರ್ಷ ಆಳಿದ. ಕ್ರಿ.ಪೂ. ಮೊದಲ ಶತಮಾನದ ಗ್ರೀಕ್ ಇತಿಹಾಸಕಾರ ಡಿಯೊಡೋರಸ್ ಈ ರಾಜನ ವಿಗ್ರಹದ ಬಗ್ಗೆ ಬರೆದಿದ್ದಾನೆ. ಅವನ ಪ್ರಕಾರ ಅಷ್ಟು ದೊಡ್ಡ ಕಲ್ಲಿನಲ್ಲಿ ಒಂದು ಬಿರುಕೂ ಇರಲಿಲ್ಲ. ಶಾಸನದ ಅರ್ಥ ಹೆಚ್ಚುಕಮ್ಮಿ ಹೀಗೆ: ನಾನು ರಾಜರ ರಾಜ. ನಾನು ಎಷ್ಟು ದೊಡ್ಡವನು, ಎಲ್ಲಿ ಮಲಗಿದ್ದೇನೆ ಎಂದು ತಿಳಿಯಬೇಕಾದವನು ನನ್ನ ಕೆಲಸಗಳಲ್ಲಿ ಒಂದನ್ನಾದರೂ ಮೀರಿಸಲಿ.

ಪಕ್ಕಪಕ್ಕ ಇಟ್ಟು ನೋಡಿ. ಡಿಯೊಡೋರಸ್‌ನ ರಾಜ ಸವಾಲು ಹಾಕುತ್ತಾನೆ, ಶೆಲ್ಲಿಯ ರಾಜ ಹತಾಶರಾಗಿ ಅನ್ನುತ್ತಾನೆ. ಅಲ್ಲಿ ಬಿರುಕಿಲ್ಲದ ಕಲ್ಲು, ಇಲ್ಲಿ ಚೂರಾದ ಕಲ್ಲು.

ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ರಾಮ್ಸೆಸ್‌ನ ಒಂದು ದೊಡ್ಡ ತಲೆ ಇದೆ, ಏಳು ಟನ್ನಿಗೂ ಹೆಚ್ಚು ತೂಕದ್ದು. ಬೆಲ್ಜೋನಿ ಎಂಬ ಇಟಲಿಯವನು 1816ರಲ್ಲಿ ಅದನ್ನು ಈಜಿಪ್ಟಿನ ಥೀಬ್ಸ್‌ನ ರಾಮೆಸಿಯಂ ಎಂಬ ಪಾಳು ದೇವಾಲಯದಿಂದ ಸಾಗಿಸಿದ. ಶೆಲ್ಲಿ ಅದನ್ನು ನೋಡಿ ಬರೆದ ಅಂತ ಎಷ್ಟೋ ಕಡೆ ಓದುತ್ತೀರಿ. ನಂಬಬೇಡಿ. ಕವಿತೆ ಬರೆದದ್ದು 1817ರ ಕೊನೆಯಲ್ಲಿ, ಆ ತಲೆ ಲಂಡನ್ ತಲುಪಿದ್ದು 1818ರಲ್ಲಿ, ಕವಿತೆ ಅಚ್ಚಾದ ಮೇಲೆ. ಅದು ಬರುತ್ತಿದೆ ಎಂಬ ಸುದ್ದಿ ಮಾತ್ರ ಹಬ್ಬಿತ್ತು. ಶೆಲ್ಲಿ ಈಜಿಪ್ಟಿಗೂ ಹೋದವನಲ್ಲ.

ಇದು ಯಾಕೆ ಮುಖ್ಯ? ಆ ತಲೆಯ ಫೋಟೋ ಹುಡುಕಿ ನೋಡಿ. ಶಾಂತವಾದ ಮುಖ, ತುಟಿಯಲ್ಲಿ ಸಣ್ಣ ನಗು. ಗಂಟಿಕ್ಕಿದ ಹುಬ್ಬಿಲ್ಲ, ತಾತ್ಸಾರವಿಲ್ಲ. ಈಜಿಪ್ಟಿನ ರಾಜರ ವಿಗ್ರಹಗಳು ಸಾಮಾನ್ಯವಾಗಿ ಹಾಗೇ ಇರುತ್ತವೆ. ಅಂದರೆ ಆ ತಾತ್ಸಾರ ಶೆಲ್ಲಿ ತಾನೇ ತಂದು ಅಂಟಿಸಿದ್ದು. ಮರಳುಗಾಡೂ ಅಷ್ಟೇ. ರಾಮೆಸಿಯಂ ಇರುವುದು ನೈಲ್ ನದಿಯ ಪಶ್ಚಿಮ ದಂಡೆಯ ಕಡೆ, ಹೊಲಗಳ ಅಂಚಿನಲ್ಲಿ. ದೇವಾಲಯದ ಕಂಬಗಳೂ ಇನ್ನೂ ನಿಂತಿವೆ. 'ಬೇರೇನೂ ಉಳಿದಿಲ್ಲ' ಎಂಬ ಖಾಲಿತನ ಕವಿತೆಯ ಸೃಷ್ಟಿ. ಕವಿ ಎಲ್ಲಿ ಸುಳ್ಳು ಹೇಳಿದ ಅಂತ ಗೊತ್ತಾದರೆ ಅವನಿಗೆ ಏನು ಬೇಕಾಗಿತ್ತು ಅನ್ನುವುದೂ ಗೊತ್ತಾಗುತ್ತದೆ.

ಕಾಲದ ಬಗ್ಗೆ ಚಿಕ್ಕದಾಗಿ. 1815ರಲ್ಲಿ ವಾಟರ್‌ಲೂನಲ್ಲಿ ಸೋತ ನೆಪೋಲಿಯನ್ ಆಗ ಸೇಂಟ್ ಹೆಲೆನಾ ದ್ವೀಪದಲ್ಲಿ ಬಂದಿ. ಇಂಗ್ಲೆಂಡಿನಲ್ಲಿ 1817ರಲ್ಲಿ ಹೇಬಿಯಸ್ ಕಾರ್ಪಸ್ ಹಕ್ಕನ್ನು ಅಮಾನತಿನಲ್ಲಿಟ್ಟಿದ್ದರು. ವಿಚಾರಣೆ ಇಲ್ಲದೆ ಜೈಲಿಗೆ ಹಾಕಬಹುದಿತ್ತು. ಕವಿತೆ ಅಚ್ಚಾದದ್ದು 1818ರ ಜನವರಿ 11ರ 'ದಿ ಎಕ್ಸಾಮಿನರ್' ಪತ್ರಿಕೆಯಲ್ಲಿ, 'ಗ್ಲಿರಾಸ್ಟಿಸ್' ಎಂಬ ಕಾವ್ಯನಾಮದಲ್ಲಿ. ಅದರ ಸಂಪಾದಕ ಲೀ ಹಂಟ್ ರಾಜಪ್ರತಿನಿಧಿಯನ್ನು, ಅಂದರೆ ರಾಜನ ಬದಲು ಆಳುತ್ತಿದ್ದ ಯುವರಾಜನನ್ನು, ಟೀಕಿಸಿ ಎರಡು ವರ್ಷ ಜೈಲು ಕಂಡವನು. ಆ ಪತ್ರಿಕೆಯ ಓದುಗರಿಗೆ 'ತಣ್ಣನೆ ಅಪ್ಪಣೆ' ಅಂದರೆ ಈಜಿಪ್ಟ್ ಮಾತ್ರ ನೆನಪಾಗಿರಲಾರದು.

ಹೆಜ್ಜೆ 7: ಬರೆಯುವುದು

ಕವಿಯ ಜನ್ಮದಿನದಿಂದ ಶುರು ಮಾಡಬೇಡಿ. ಸಾಲು ಸಾಲಾಗಿ ಕಥೆ ಹೇಳಬೇಡಿ. ಹಂಪಿಯ ಬಗ್ಗೆ ಒಂದು ಪ್ಯಾರಾ ಸೇರಿಸುವ ಆಸೆ ನಮ್ಮಲ್ಲಿ ಎಲ್ಲರಿಗೂ ಬರುತ್ತದೆ, ತಡೆದುಕೊಳ್ಳಿ. ಹಂಪಿ ಹಾಳಾಗಿದ್ದು 1565ರ ಯುದ್ಧದ ನಂತರ, ಅಲ್ಲಿ ಕಾರಣ ಇದೆ. ಓಜಿಮ್ಯಾಂಡಿಯಸ್‌ನ ವಿಗ್ರಹವನ್ನು ಯಾರು ಒಡೆದರು ಅಂತ ಕವಿತೆ ಹೇಳುವುದೇ ಇಲ್ಲ. ಆ ಮೌನದ ಬಗ್ಗೆ ಬೇಕಾದರೆ ಬರೆಯಿರಿ.

ಪ್ರತಿ ಪ್ಯಾರಾಕ್ಕೆ ಒಂದು ಪದವನ್ನೋ ಒಂದು ಪ್ರಾಸವನ್ನೋ ಹಿಡಿದುಕೊಳ್ಳಿ. ಉದಾಹರಣೆಗೆ:

'ಮುಖದ ವರ್ಣನೆ "ಜೀವವಿಲ್ಲದ ವಸ್ತುಗಳು" ಎಂಬಲ್ಲಿಗೆ ಬರುತ್ತದೆ. ಮೂರು ಸಾಲಿನ ನಂತರ ರಾಜ ತನ್ನನ್ನು "ರಾಜರ ರಾಜ" ಎಂದು ಕರೆದುಕೊಳ್ಳುತ್ತಾನೆ. ಇಂಗ್ಲಿಷಿನಲ್ಲಿ ಈ ಎರಡು ಪದಗಳು ಪ್ರಾಸದಿಂದ ಬೆಸೆದಿವೆ. ಹೆಗ್ಗಳಿಕೆಯ ಮಾತು ಹೊರಡುವ ಮೊದಲೇ ಅದರ ಪ್ರತಿಧ್ವನಿ ಓದುಗನ ಕಿವಿಯಲ್ಲಿ ಸಿದ್ಧವಾಗಿದೆ. ಪ್ರಯಾಣಿಕ ಟೀಕೆ ಮಾಡುವುದಿಲ್ಲ, ಕವಿಯೂ ಮಾಡುವುದಿಲ್ಲ. ಆ ಕೆಲಸ ಪ್ರಾಸದ ಪಾಲಿಗೆ ಬಂದಿದೆ.'

ಮೂರು ಪ್ಯಾರಾ ಇಂಥವು ಸಾಕು. ಅಣಕದ ಮೇಲೆ ಒಂದು, ಪ್ರಾಸದ ಮೇಲೆ ಒಂದು, 'ಡಿಸ್ಪೇರ್' ಮೇಲೆ ಒಂದು. ಸಮಯ ಉಳಿದರೆ ಡಿಯೊಡೋರಸ್.

ಅಭ್ಯಾಸಕ್ಕೆ ಇನ್ನೊಂದು ಕವಿತೆ

ಇದೇ ವಿಷಯದ ಮೇಲೆ ಶೆಲ್ಲಿಯ ಗೆಳೆಯ ಹೊರೇಸ್ ಸ್ಮಿತ್ ಕೂಡ ಸಾನೆಟ್ ಬರೆದ, ಇಬ್ಬರ ನಡುವೆ ಪಂದ್ಯ ಕಟ್ಟಿದ ಹಾಗೆ. ಅದು ಅದೇ ಪತ್ರಿಕೆಯಲ್ಲಿ 1818ರ ಫೆಬ್ರವರಿ 1ರಂದು ಬಂತು, 'ಓಜಿಮ್ಯಾಂಡಿಯಸ್' ಎಂಬ ಅದೇ ಶೀರ್ಷಿಕೆಯಲ್ಲಿ. ಕೊನೆಯಲ್ಲಿ ಒಬ್ಬ ಬೇಟೆಗಾರ ಬರುತ್ತಾನೆ. ಒಂದು ಕಾಲದಲ್ಲಿ ಲಂಡನ್ ಇದ್ದ ಜಾಗದಲ್ಲಿ ಕಾಡು ಬೆಳೆದಿದೆ. ತೋಳದ ಬೆನ್ನುಹತ್ತಿದ ಅವನು ಅಲ್ಲಿ ಯಾವುದೋ ಭಾರಿ ಕಲ್ಲಿನ ತುಂಡು ಕಂಡು ನಿಲ್ಲುತ್ತಾನೆ, ಇಲ್ಲಿ ಯಾರಿದ್ದರೋ ಅಂತ ಯೋಚಿಸುತ್ತಾನೆ. ಕಲ್ಪನೆ ಚೆನ್ನಾಗಿಯೇ ಇದೆ.

ಎರಡನ್ನೂ ಒಂದೇ ಹಾಳೆಯಲ್ಲಿ ಬರೆದುಕೊಂಡು ಮೊದಲ ಹೆಜ್ಜೆಯಿಂದ ಮತ್ತೆ ಶುರು ಮಾಡಿ. ಸ್ಮಿತ್‌ನಲ್ಲಿ ನಿಂತಿರುವುದು ಒಂದೇ ಕಾಲು. ಪ್ರಯಾಣಿಕ ಇಲ್ಲ, ಕಲ್ಲೇ ನೇರವಾಗಿ ಮಾತಾಡುತ್ತದೆ. ಬಣ್ಣದ ಪೆನ್ನು ಹಿಡಿದು ಮೂರನೇ ಹೆಜ್ಜೆಗೆ ಬಂದಾಗ ಮುಖ ಹುಡುಕಿ. ಸಿಗುವುದಿಲ್ಲ. ಶಿಲ್ಪಿಯೂ ಇಲ್ಲ.